ಭಾವನ ತೋಟಾ ಕಾರ್ಖಾನೆ

ಒಹಾಯೋದಲ್ಲಿರುವ ನಮ್ಮ ಭಾವ ಹಾರುವ ಮಣ್ಣಿನ ಬಿಲ್ಲೆಗೆ ಗುರಿಯಿಡುವ ಟ್ರ್ಯಾಪ್ ಶೂಟಿಂಗ್ ಹಚ್ಚಿಕೊಂಡದ್ದು ದೊಡ್ಡ ಸಂಗತಿಯಲ್ಲ. ಅಲ್ಲಿ ಬಿದ್ದಿದ್ದ ಖಾಲಿ ತೋಟಾಗಳನ್ನು ಕಂಡು ಅವರೊಳಗಿನ ಸಕಲೇಶಪುರ ಎದ್ದು ಕೂತಿತಲ್ಲ, ಅದು ದೊಡ್ಡದು. ಲೈಸೆನ್ಸಿನಲ್ಲಿ ಬರೆದಷ್ಟೇ ತೋಟಾ ಸಿಗುವ ಊರಿನವರು. ಇಲ್ಲಿ ಒಂದು ಸುತ್ತಿಗೇ 25 ಈಡು. “ಇಷ್ಟು ಗಟ್ಟಿ ಕೊಳವೆ ಬಿಸಾಡೋದಾ?” ಎಂದು ಚೀಲ ತುಂಬಿಕೊಂಡು ಬಂದರು. ಹಿಂದೆಯೇ, ಖಾಲಿ ತೋಟಾ ಮತ್ತೆ ತುಂಬುವ, ಇರುವುದರಲ್ಲಿ ಅಗ್ಗದ ಪ್ರೆಸ್ಸೂ ಮನೆಗೆ ಬಂತು. ಅರ್ಧಕ್ಕರ್ಧ ಪ್ಲಾಸ್ಟಿಕ್.

ಹೇಳಲು ಸುಲಭದ ಕೆಲಸ. ಉಬ್ಬಿದ ಬುಡವನ್ನು ಅಳತೆಗೆ ತಂದು, ಸುಟ್ಟ ಕೇಪು ತಳ್ಳಿ ಹೊಸದು ಕೂರಿಸಿ, ಮದ್ದು, ಅದರ ಮೇಲೆ ಪ್ಲಾಸ್ಟಿಕ್ ಬಿರಡೆ, ಚರೆ ತುಂಬಿ ಬಾಯಿ ಮಡಿಸಿದರೆ ಮುಗಿಯಿತು. ಅಗ್ಗದ ಯಂತ್ರದ ಬಣ್ಣ ಬಯಲಾಗುವುದು ಈ ಮಡಿಸುವಲ್ಲೇ. ಕೊಳವೆಯ ಬಾಯಿಗೆ ಕಾರ್ಖಾನೆಯಲ್ಲೇ ಆರೋ ಎಂಟೋ ಮಡಿಕೆ ಬಿದ್ದಿರುತ್ತದೆ. ಎಂಟರದ್ದನ್ನು ಆರರ ಅಚ್ಚಿಗೆ ಕೊಟ್ಟರೆ ಹಳೆಯ ಗೆರೆ ಬಿಡದೆ, ಹೊಸದು ಹಿಡಿಯದೆ ಮೂತಿ ಸೊಟ್ಟ ಮಾಡಿ ನಿಲ್ಲುತ್ತದೆ. ನಡುವೆ ತೂತು, ತೂತಿನಿಂದ ಚರೆ ನೆಲಕ್ಕೆ. ತೋಟಾ ಒಂದಕ್ಕೆ 32 ಗ್ರಾಂ, ಎಂಟನೇ ನಂಬರಿನದಾದರೆ ಸುಮಾರು 460 ಕಾಳು. ಗ್ಯಾರೇಜಿಗೆ ಕಾಲಿಟ್ಟ ಅಕ್ಕ ಕಾರಿನ ತನಕ ಜಾರಿಕೊಂಡೇ ಹೋದಳು.

ನಂಬರಿನ ಲೆಕ್ಕವೂ ತಲೆಕೆಳಗು. ನಂಬರು ಏರಿದಷ್ಟೂ ಕಾಳು ಸಣ್ಣದು. ಕೋವಿಯದ್ದೂ ಹಾಗೆಯೇ: ಒಂದು ಪೌಂಡ್ ಸೀಸದಲ್ಲಿ 12 ಸಮ ಗುಂಡು ಎರೆದರೆ ಅದರಲ್ಲೊಂದರ ಅಗಲ 12 ಬೋರು, 20 ಎರೆದರೆ 20 ಬೋರು, ಇನ್ನೂ ಕಿರಿದು.

ಚಳಿಗಾಲದಲ್ಲಿ ಮತ್ತೊಂದು ರಗಳೆ. ಒಣ ಹವೆಗೆ ಮದ್ದು ಪ್ಲಾಸ್ಟಿಕ್ ಡಬ್ಬಿಯ ಒಳಮೈಗೆ ಅಂಟಿಕೊಂಡು ಕೆಳಗಿಳಿಯುವುದೇ ಇಲ್ಲ. ಡ್ರೈಯರಿನಲ್ಲಿ ಬಟ್ಟೆಯ ಜೊತೆ ಹಾಕುವ ಘಮಘಮ ಹಾಳೆಯಿಂದ ಒರೆಸಿದರೆ ಇಳಿಯುತ್ತದೆ. ಮದ್ದು ಇಳಿಯಿತು ಎನ್ನುವಾಗ ಅಳತೆಯ ಪಟ್ಟಿಯ ಸಂದಿಗೆ ಒಂದು ಚರೆ ಸಿಕ್ಕಿ ಕಟಕ್ ಎಂದಿತು.

“ಒತ್ತಿಬಿಡಿ ಭಾವ.”

“ಒತ್ತಬಾರ್ದು ಕಣೋ. ಮದ್ದು ಬಿತ್ತೋ ಇಲ್ವೋ ಯಾರಿಗ್ಗೊತ್ತು?”

ಜಿಪುಣತನವನ್ನೆಲ್ಲ ಬದಿಗಿಟ್ಟು ತೋಟಾವನ್ನು ಬಿಚ್ಚಿ ಸುರಿದರು. ಮದ್ದನ್ನು ತಕ್ಕಡಿಯಲ್ಲಿ ತೂಗಿ ಪುಸ್ತಕದ ಅಳತೆಗೆ ಸರಿಹೊಂದಿಸಿದರು. ಇದಕ್ಕೆ ನನ್ನ ಪೂರ್ಣ ಬೆಂಬಲವಿದೆ. ಮದ್ದು ಕಡಿಮೆ ಬಿದ್ದ ಈಡು ಢಮ್ ಎನ್ನದೆ ಟುಸ್ ಎನ್ನುತ್ತದೆ, ಬಿರಡೆ ನಳಿಗೆಯಲ್ಲೇ ಉಳಿಯಬಹುದು. ನೋಡದೆ ಮುಂದಿನ ಈಡು ಹಾರಿಸಿದರೆ ನಳಿಗೆಯೇ ಸಿಡಿದೀತು. ಮೈದಾನದಲ್ಲಿ ಟುಸ್ ಕೇಳಿದರೆ ಹಳಬರು ಒಟ್ಟಿಗೆ “ನಿಲ್ಲಿಸು!” ಎಂದು ಕೂಗುವುದು ಅದಕ್ಕೇ.

25 ಪೌಂಡಿನ ಚರೆ ಚೀಲಕ್ಕೆ ಸುಮಾರು 350 ತೋಟಾ. ತೋಟಾ ಮನೆಯಲ್ಲೇ ಆಗುತ್ತದಲ್ಲ ಎಂದು ಈಗ ವಾರಕ್ಕೆರಡು ಸಲ ಮೈದಾನ. ಅಕ್ಕ ಕೇಪು, ಮದ್ದು, ಚರೆ, ಬಿರಡೆಯ ಬಿಲ್ಲುಗಳನ್ನೆಲ್ಲ ಕೂಡಿ ಮುಂದಿಟ್ಟಳು.

“ರೀ, ಇದರಲ್ಲಿ ಉಳಿತಾಯ ಯಾವ್ದು?”

ಭಾವ ಕನ್ನಡಕ ಸರಿಮಾಡಿಕೊಂಡರು. “ಈ ಪ್ಲಾಸ್ಟಿಕ್ ಪ್ರೆಸ್ಸಲ್ಲಿ ಎಲ್ಲಿ ಉಳಿಯುತ್ತೆ ಮಾರಾಯ್ತಿ! ಒಂದು ಒಳ್ಳೇ ಕಬ್ಬಿಣದ್ದು ನೋಡಿಟ್ಟಿದೀನಿ.”