ಸುನ್ ತ್ಸುವಿನ ಯುದ್ಧಶಾಸ್ತ್ರಕ್ಕೆ ಹುಬ್ಬಳ್ಳಿ–ಧಾರವಾಡದ ಭಾಷ್ಯ

ಪ್ರಾಚೀನ ಚೀನದ ಸೇನಾನಿ ಸುನ್ ತ್ಸುವಿನ ಹೆಸರಿನಲ್ಲಿ ಪ್ರಚಲಿತವಿರುವ, ಹದಿಮೂರು ಅಧ್ಯಾಯಗಳ ‘ಯುದ್ಧಕಲೆ’ ಎಂಬ ಗ್ರಂಥವು ಗಾತ್ರದಲ್ಲಿ ಪಂಚಾಂಗಕ್ಕಿಂತ ದೊಡ್ಡದಲ್ಲದಿದ್ದರೂ ಅದರ ಸುತ್ತ ಬೆಳೆದ ಟೀಕೆಗಳಿಗೆ ಮಿತಿಯಿಲ್ಲ. ಚೀನದಲ್ಲಿಯೇ ಹನ್ನೊಂದು ಜನ ಟೀಕಾಕಾರರ ಮಾತನ್ನು ಮೂಲದೊಂದಿಗೆ ಕೂಡಿಸಿ ಓದುವ ಪರಂಪರೆಯಿದೆ. 1772ರಲ್ಲಿ ಅಮಿಯೋ ಎಂಬ ಜೆಸ್ವಿಟ್ ಪಾದ್ರಿ ಅದನ್ನು ಫ್ರೆಂಚಿಗೆ ತಂದನು, 1910ರಲ್ಲಿ ಲಯನೆಲ್ ಜೈಲ್ಸ್ ಇಂಗ್ಲಿಷಿನಲ್ಲಿ ಟಿಪ್ಪಣಿಸಹಿತ ಪ್ರಕಟಿಸಿದನು, 1972ರಲ್ಲಿ ಶಾನ್‌ಡಾಂಗ್ ಪ್ರಾಂತದ ಹಾನ್ ಕಾಲದ ಗೋರಿಯೊಂದರಲ್ಲಿ ಬಿದಿರಿನ ಪಟ್ಟಿಗಳ ಮೇಲೆ ಬರೆದ ಅದರ ಪ್ರತಿಯೇ ಸಿಕ್ಕಿತು. ಇಷ್ಟೆಲ್ಲ ನಡೆದರೂ ಹುಬ್ಬಳ್ಳಿ–ಧಾರವಾಡದ ಸಾಕ್ಷ್ಯವನ್ನು ಯಾವ ಟೀಕಾಕಾರನೂ ಲಕ್ಷ್ಯಕ್ಕೆ ತಂದುಕೊಳ್ಳದೆ ಇದ್ದದ್ದು ವಿದ್ವತ್‌ಲೋಕದ ಘೋರ ಲೋಪವಾಗಿದ್ದು, ಅದನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ.

ಮೊದಲಿಗೆ ಗ್ರಂಥದ ಸ್ವಭಾವವನ್ನು ತಿಳಿಯಬೇಕು. ಶತ್ರುವನ್ನು ಮಣ್ಣುಗೂಡಿಸುವ ಉಪಾಯಗಳು ಸಿಗುತ್ತವೆಂಬ ಆಸೆಯಿಂದ ಇದನ್ನು ಕೊಂಡವರಿಗೆ ಎರಡನೆಯ ಅಧ್ಯಾಯದಲ್ಲಿಯೇ ನಿರಾಸೆಯಾಗುತ್ತದೆ, ಏಕೆಂದರೆ ಅಲ್ಲಿರುವುದು ಖರ್ಚಿನ ಲೆಕ್ಕ: ರಥಗಳಿಗೆಷ್ಟು, ಧಾನ್ಯಕ್ಕೆಷ್ಟು, ಅಂಟಿಗೆ ಬಣ್ಣಕ್ಕೆ ಎಷ್ಟು, ಮತ್ತು ದೀರ್ಘಕಾಲದ ಯುದ್ಧದಿಂದ ಯಾವ ದೇಶವೂ ಉದ್ಧಾರವಾದದ್ದಿಲ್ಲವೆಂಬ ಷರಾ. ಮೂರನೆಯ ಅಧ್ಯಾಯವು ಸೆಣಸಾಟದ ವಿಧಾನಗಳಿಗೆ ದರ್ಜೆ ಕೊಡುತ್ತದೆ. ವೈರಿಯ ಯೋಜನೆಯನ್ನು ಕೆಡಿಸುವುದು ಉತ್ತಮ, ಅವನ ಮೈತ್ರಿಗಳನ್ನು ಮುರಿಯುವುದು ಅದಕ್ಕಿಂತ ಕೆಳಗಿನದು, ಸೈನ್ಯದೊಡನೆ ಕಾದುವುದು ಇನ್ನೂ ಕೆಳಗಿನದು. ಕೋಟೆಗೆ ಮುತ್ತಿಗೆ ಹಾಕುವುದಂತೂ ಅಧಮಾಧಮ. ಮುತ್ತಿಗೆಯ ಸಾಧನಗಳ ತಯಾರಿಗೆ ಮೂರು ತಿಂಗಳು, ಗೋಡೆಯೆದುರು ಮಣ್ಣಿನ ದಿಬ್ಬ ಏರಿಸಲು ಮತ್ತೆ ಮೂರು ತಿಂಗಳು ಬೇಕು. ಅಷ್ಟು ತಾಳ್ಮೆಯಿಲ್ಲದ ದಂಡನಾಯಕ ಸೈನಿಕರನ್ನು ಇರುವೆಗಳಂತೆ ಗೋಡೆಗೆ ಹತ್ತಿಸಿ ಮೂರರಲ್ಲೊಂದು ಪಾಲನ್ನು ಕಳೆದುಕೊಳ್ಳುತ್ತಾನೆ ಮತ್ತು ಕೋಟೆ ಹಾಗೆಯೇ ಉಳಿಯುತ್ತದೆ ಎಂಬುದು ಗ್ರಂಥದ ಎಚ್ಚರಿಕೆ.

ಈ ಸಿದ್ಧಾಂತದ ಪ್ರಾಯೋಗಿಕ ಪರೀಕ್ಷೆ ನಡೆದದ್ದು ಧಾರವಾಡದಲ್ಲಿ. 1790ರ ಸೆಪ್ಟೆಂಬರಿನಲ್ಲಿ ಪರಶುರಾಮ ಭಾವು ಪಟವರ್ಧನನ ಮರಾಠಾ ದಂಡು, ಕ್ಯಾಪ್ಟನ್ ಲಿಟ್ಲ್‌ನ ಕೈಕೆಳಗಿನ ಮುಂಬಯಿ ಕಂಪನಿ ಪಡೆಯೊಡನೆ, ಟೀಪುವಿನ ಸರದಾರ ಬದ್ರುಜ್ಜಮಾನ್ ಖಾನನ ವಶದಲ್ಲಿದ್ದ ಧಾರವಾಡದ ಕೋಟೆಗೆ ಮುತ್ತಿಗೆ ಹಾಕಿತು. ಅಮಿಯೋನ ಅನುವಾದ ಬಂದು ಆಗಲೇ 18 ವರ್ಷಗಳಾಗಿದ್ದವು. ಆದರೆ ಭಾವುವಿಗೆ ಫ್ರೆಂಚ್ ಬರುತ್ತಿತ್ತೆಂಬುದಕ್ಕೆ ಆಧಾರಗಳಿಲ್ಲದ್ದರಿಂದ ಮುಂದೆ ವಿವರಿಸಲಾಗುವ ತಂತ್ರವನ್ನು ಸ್ವಯಂಭೂ ಎಂದೇ ಗ್ರಹಿಸಬೇಕಾಗುತ್ತದೆ. ಕ್ಯಾಪ್ಟನ್ ಲಿಟ್ಲ್‌ನ ಪಡೆಯಲ್ಲಿದ್ದ ಎಡ್ವರ್ಡ್ ಮೂರ್ ಎಂಬ ಇಂಗ್ಲಿಷ್ ಲೆಫ್ಟಿನೆಂಟನು 1794ರಲ್ಲಿ ಪ್ರಕಟಿಸಿದ ವೃತ್ತಾಂತದ ಪ್ರಕಾರ ಮರಾಠರ ತೋಪಿನ ಮೋರ್ಚೆಯಲ್ಲಿ ದಿನಚರಿ ಹೀಗಿತ್ತು: ತೋಪಿಗೆ ಮದ್ದು ತುಂಬಿದ ಮೇಲೆ ಎಲ್ಲರೂ ಕುಳಿತು ಅರ್ಧ ತಾಸು ತಂಬಾಕು ಸೇದುತ್ತ ಹರಟೆ ಹೊಡೆಯುವರು, ಬಳಿಕ ಹಾರಿಸುವರು, ಗೋಡೆಯಿಂದ ಧೂಳು ಜೋರಾಗಿ ಎದ್ದರೆ ಕೆಲಸ ಆಯಿತೆಂದು ಮತ್ತೆ ಮದ್ದು ತುಂಬಿ, ನಿಂತ ಮಾತನ್ನು ಮುಂದುವರಿಸುವರು. ಇದಕ್ಕಿಂತ ಮಹತ್ವದ್ದು ಇನ್ನೊಂದು ಸಂಗತಿ. ಮಧ್ಯಾಹ್ನ ಒಂದರಿಂದ ಮೂರು ಗಂಟೆಯವರೆಗೆ ಎರಡೂ ಕಡೆಯಿಂದ ತೋಪು ಹಾರುವುದು ಅಪರೂಪವಾಗಿತ್ತು. ಅದು ಉಭಯ ಪಕ್ಷಗಳು ಮಾತಿಲ್ಲದೆ ಒಪ್ಪಿಕೊಂಡಿದ್ದ ಊಟದ ಹೊತ್ತು. ಇಂಗ್ಲಿಷ್ ಅಧಿಕಾರಿಗೆ ಇದು ಸೋಜಿಗವೆನಿಸಿರಬಹುದಾದರೂ ಧಾರವಾಡದ ಓದುಗರಿಗೆ ಇದರಲ್ಲಿ ವಿಶೇಷವೇನೂ ಕಾಣಿಸಲಿಕ್ಕಿಲ್ಲ.

ತಾಳ್ಮೆಯಿಲ್ಲದ ದಂಡನಾಯಕನ ಪಾತ್ರವನ್ನು ವಹಿಸಿದವನು, ಮುಂಬಯಿಯಿಂದ ಹೆಚ್ಚಿನ ಪಡೆಯೊಡನೆ ಬಂದ ಕರ್ನಲ್ ಫ್ರೆಡರಿಕ್. 1791ರ ಫೆಬ್ರುವರಿಯಲ್ಲಿ ಅವನು ನಡೆಸಿದ ಲಗ್ಗೆ ವಿಫಲವಾಯಿತು. ಮಾರ್ಚಿನಲ್ಲಿ ಅವನು ತೀರಿಕೊಂಡನು. ಏಪ್ರಿಲ್ ಆರಂಭದಲ್ಲಿ ಕೋಟೆ ಕೈವಶವಾದದ್ದು ಲಗ್ಗೆಯಿಂದಲ್ಲ, ಒಡಂಬಡಿಕೆಯಿಂದ. ಮುತ್ತಿಗೆ ಸುಮಾರು 29 ವಾರ ನಡೆದಿತ್ತು.

ಇಲ್ಲಿ ಗಣಿತ ನೆರವಿಗೆ ಬರುತ್ತದೆ. ಸುನ್ ತ್ಸು ಹೇಳುವ ಮೂರು ಮತ್ತು ಮೂರು ತಿಂಗಳು ಕೂಡಿದರೆ 26 ವಾರವಾಗುವುದರಿಂದ ಧಾರವಾಡದ ಲೆಕ್ಕಕ್ಕೂ ಚೀನದ ಲೆಕ್ಕಕ್ಕೂ ಮೂರು ವಾರ, ಎಂದರೆ 21 ದಿನಗಳ ಅಂತರ ಬೀಳುತ್ತದೆ. 29 ವಾರಕ್ಕೆ 203 ದಿನ. ದಿನಕ್ಕೆ ಎರಡು ತಾಸಿನ ಊಟದ ಬಿಡುವೆಂದರೆ 406 ತಾಸು, ಅಂದರೆ ಹತ್ತಿರ ಹತ್ತಿರ 17 ದಿನ. ಉಳಿದ ನಾಲ್ಕು ದಿನಗಳನ್ನು ತಂಬಾಕಿನ ಬಾಬತ್ತಿಗೆ ಹಾಕಿದರೆ ಸುನ್ ತ್ಸುವಿನ ಸೂತ್ರವು ಧಾರವಾಡದಲ್ಲಿ ತಾಸಿನ ಲೆಕ್ಕಕ್ಕೂ ತಪ್ಪದೆ ಸಿದ್ಧವಾಗುತ್ತದೆ. ಇಂಥ ಖಚಿತ ಫಲಿತಾಂಶ ಯುದ್ಧಶಾಸ್ತ್ರದಲ್ಲಿ ವಿರಳವೆಂದು ವಿನಯಪೂರ್ವಕವಾಗಿ ದಾಖಲಿಸಲಾಗಿದೆ.

ಮುಂದಿನ ಕಾಲದಲ್ಲಿ ಈ ಶಾಸ್ತ್ರವು ಎರಡು ಸಂಪ್ರದಾಯಗಳಾಗಿ ಒಡೆಯಿತು. ದುರ್ಗದ ಬೈಲಿನ ವ್ಯಾಪಾರದಲ್ಲಿ ಪಳಗಿದ ಹುಬ್ಬಳ್ಳಿ ಸಂಪ್ರದಾಯವು ಖರ್ಚಿನ ಎರಡನೆಯ ಅಧ್ಯಾಯವನ್ನೇ ಪ್ರಮಾಣವೆಂದು ಭಾವಿಸುತ್ತದೆ. ಧಾರವಾಡ ಸಂಪ್ರದಾಯವು ಕಾದದೆ ಗೆಲ್ಲುವ ಮೂರನೆಯ ಅಧ್ಯಾಯವನ್ನು, ಅದರಲ್ಲೂ ‘ಕಾದದೆ’ ಎಂಬ ಭಾಗವನ್ನು, ಹಿಡಿದುಕೊಂಡಿದೆ. 1962ರಲ್ಲಿ ಎರಡೂ ಊರುಗಳನ್ನು ಒಂದೇ ಮಹಾನಗರಪಾಲಿಕೆಯ ಕೆಳಗೆ ತಂದ ಮೇಲೆ ಇವುಗಳ ನಡುವೆ ನಡೆದುಬಂದದ್ದು ತೋಪಿಲ್ಲದ ಸಮರ. ವಿಶ್ವವಿದ್ಯಾಲಯ ಮೊದಲೇ ಧಾರವಾಡದ್ದಾಗಿತ್ತು, ವಿಮಾನ ನಿಲ್ದಾಣ ಹುಬ್ಬಳ್ಳಿಗೆ. 2003ರಲ್ಲಿ ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಗೆ, 2008ರಲ್ಲಿ ಹೈಕೋರ್ಟಿನ ಪೀಠ ಧಾರವಾಡಕ್ಕೆ. 2016ರಲ್ಲಿ ಐಐಟಿ ಧಾರವಾಡಕ್ಕೆ, 2023ರಲ್ಲಿ 1507 ಮೀಟರ್ ಉದ್ದದ ರೈಲ್ವೆ ಪ್ಲಾಟ್‌ಫಾರ್ಮು ಹುಬ್ಬಳ್ಳಿಗೆ. ಮಳೆಯನ್ನು ಮಾತ್ರ ಧಾರವಾಡ ಯಾರಿಗೂ ಬಿಟ್ಟುಕೊಟ್ಟಿಲ್ಲ. ಯಾರ ಕೈಗೆ ಸಿಕ್ಕರೂ ಅವರಿಗೆ ಲಾಭವಾಗುವ ಜಾಗವನ್ನು ಸುನ್ ತ್ಸು ಪೈಪೋಟಿಯ ನೆಲವೆಂದು ಕರೆದು, ಅಲ್ಲಿ ಏರಿಹೋಗಬಾರದೆಂದು ವಿಧಿಸುತ್ತಾನೆ. ನಡುವಿನ ನವನಗರಕ್ಕೆ ಎರಡೂ ಊರಿನವರು ಏರಿಹೋಗದೆ ಸೈಟು ಕೊಂಡು ಮನೆ ಕಟ್ಟಿಕೊಂಡಿರುವುದು ಈ ವಿಧಿಯ ನಿಷ್ಠಾಪೂರ್ವಕ ಪಾಲನೆ. 2025ರ ಜನವರಿಯಲ್ಲಿ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆಯಾಗಬೇಕೆಂಬುದಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿದ್ದು ಮನವಿಪತ್ರಗಳ ಸುದೀರ್ಘ ಮುತ್ತಿಗೆಯ ನಂತರ. ಇದರಲ್ಲಿ ಹರಿದದ್ದು ಶಾಯಿ ಮಾತ್ರ.

ನೆಲ ಬದಲಾದರೆ ತಂತ್ರವೂ ಬದಲಾಗಬೇಕೆಂಬ ಮಾತಿಗೆ ಎರಡೂ ಊರುಗಳ ನಡುವೆ ಓಡುವ ಚಿಗರಿ ಬಸ್ಸು ಉದಾಹರಣೆ. ಕಿಟಕಿಯಿಂದ ಟಾವೆಲು ಒಗೆದು ಸೀಟು ಹಿಡಿಯುವ ಪುರಾತನ ಕಲೆಯು ಕಿಟಕಿ ತೆರೆಯದ ಈ ಹವಾನಿಯಂತ್ರಿತ ವಾಹನದ ಮುಂದೆ ನಿಷ್ಫಲವಾಯಿತು. ರಣಭೂಮಿಗೆ ಮೊದಲು ಬಂದವನು ಆಯಾಸವಿಲ್ಲದೆ ಇರುತ್ತಾನೆಂಬ ಆರನೆಯ ಅಧ್ಯಾಯದ ಸೂತ್ರವೊಂದೇ ಈಗ ಉಳಿದಿದ್ದು, ನಡುದಾರಿಯಲ್ಲಿ ಹತ್ತುವವರು ಅದರ ಸತ್ಯವನ್ನು ನಿಂತುಕೊಂಡೇ ಮನನ ಮಾಡುತ್ತಾರೆ.

ಗ್ರಂಥದ ಅಪಪ್ರಯೋಗ ಹೆಚ್ಚಾಗಿ ಕಾಣಸಿಗುವುದು ಕಾಂಪೌಂಡ್ ಗೋಡೆಯ ವ್ಯಾಜ್ಯಗಳಲ್ಲಿ. ಗೇಣು ಜಾಗಕ್ಕಾಗಿ ಬಾಜೂಮನೆಯವರ ಮೇಲೆ ದಾವೆ ಹೂಡಿ, ವೈರಿಯ ದೌರ್ಬಲ್ಯವನ್ನು ಹುಡುಕುವ ಅಧ್ಯಾಯಗಳಿಗೆ ಕೆಂಪು ಗೆರೆ ಎಳೆಯುವ ಗೃಹಸ್ಥನು ಗೋಡೆಯ ತಂಟೆಯೇ ಅಧಮವೆಂಬ ಪುಟವನ್ನೂ ಖರ್ಚಿನ ಪುಟವನ್ನೂ ಒಟ್ಟಿಗೆ ಮಗುಚಿ ಮುಂದೆ ಹೋಗಿರುತ್ತಾನೆ. ದಾವೆ ಹೈಕೋರ್ಟ್ ಪೀಠದವರೆಗೆ ಏರುವಷ್ಟರಲ್ಲಿ ಆ ಗೇಣಿನ ಬೆಲೆಗೆ ಒಂದು ಗುಂಟೆ ಬರುತ್ತಿತ್ತೆಂಬ ಲೆಕ್ಕವನ್ನು ಅವನ ಹೆಂಡತಿ, ಸುನ್ ತ್ಸುವನ್ನು ಓದದೆಯೇ, ಮೊದಲ ದಿನ ಹೇಳಿರುತ್ತಾಳೆ.

ಮೂರ್ ದಾಖಲಿಸಿದ ಕದನವಿರಾಮವು ನಿಜಕ್ಕೂ ಮೂರು ಗಂಟೆಗೆ ಮುಗಿಯುತ್ತಿತ್ತೇ, ಅಥವಾ ಊಟದ ನಂತರದ ಒರಗುವಿಕೆಯನ್ನು ಅವನು ಗಣನೆಗೆ ತೆಗೆದುಕೊಳ್ಳಲಿಲ್ಲವೇ ಎಂಬುದು ಇನ್ನೂ ಚರ್ಚಾರ್ಹ. ಈ ಕುರಿತು ಧಾರವಾಡದ ಹಳೆಯ ಅಂಗಡಿಕಾರರ ಅಭಿಪ್ರಾಯವನ್ನು ಸಂಗ್ರಹಿಸಬಯಸುವ ಸಂಶೋಧಕರು ನಾಲ್ಕು ಗಂಟೆಯ ಮೇಲೆ ಹೋಗತಕ್ಕದ್ದು; ಅದಕ್ಕೂ ಮೊದಲು ಹೋದರೆ ಶಟರ್ ಎಳೆದಿರುತ್ತದೆ.