ಮನೆದೋಸೆಯ ಜಮಾಖರ್ಚು

ಹೋಟೆಲಿನ ಮಸಾಲೆದೋಸೆಗೆ ಎಷ್ಟೆಂದು ಗೋಡೆಯ ಮೇಲೆ ಬರೆದಿರುತ್ತದೆ. ಮನೆಯ ದೋಸೆಗೆ ಎಷ್ಟೆಂದು ಯಾರೂ ಎಲ್ಲೂ ಬರೆದಿಲ್ಲ. ಅದಕ್ಕೇ ಇರಬೇಕು, ಅದು ಪುಕ್ಕಟೆ ಎಂಬ ನಂಬಿಕೆ ನಮ್ಮಂಥ ಗಂಡಸರಲ್ಲಿ ಭದ್ರವಾಗಿ ಕೂತಿದೆ. ಒಂದು ಪಾವು ಉದ್ದಿನಬೇಳೆ, ಮೂರು-ನಾಲ್ಕು ಪಾವು ಅಕ್ಕಿ, ಚಮಚೆ ಮೆಂತ್ಯ. ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಕೂಡಿಸಿ, ಭಾಗಿಸಿ ನೋಡಿದರೆ ಒಂದು ದೋಸೆಗೆ ಬೀಳುವುದು ಚಿಲ್ಲರೆ ಕಾಸು. ತಿಂಗಳ ಕೊನೆಯ ವಾರ ನಮ್ಮ ಮನೆಯಲ್ಲಿ ‘ಇನ್ನು ಹೋಟೆಲು ಬಂದ್’ ಎಂಬ ಸುಗ್ರೀವಾಜ್ಞೆ ಹೊರಡುವುದು ಈ ಭಾಗಾಕಾರದ ಬಲದ ಮೇಲೆ.

ಆದರೆ ಹೋಟೆಲಿಗೆ ಹೋದರೆ ಒಂದೇ ಒಂದು ದೋಸೆ ತಿಂದು ಎದ್ದು ಬರಬಹುದು. ಮನೆಯಲ್ಲಿ ಹಾಗೆ ಬಿಡುಗಡೆಯಿಲ್ಲ. ಸೋಮವಾರ ದೋಸೆ, ಮಂಗಳವಾರ ಮತ್ತೆ ದೋಸೆ, ಬುಧವಾರ ಹಿಟ್ಟು ಹುಳಿ ಬಂತೆಂದು ಈರುಳ್ಳಿ ಉದುರಿಸಿ ಉತ್ತಪ್ಪ, ಗುರುವಾರ ಪಾತ್ರೆಯ ತಳದಲ್ಲಿ ಉಳಿದದ್ದು ಪಡ್ಡು. ಡಿಸೆಂಬರಿನ ಬೆಂಗಳೂರಿನಲ್ಲಂತೂ ಹಿಟ್ಟು ಉಬ್ಬುವುದಕ್ಕೇ ಒಪ್ಪುವುದಿಲ್ಲ. ಅದಕ್ಕೆ ಕಂಬಳಿ ಹೊದಿಸಿ, ಗಾಳಿ ಬೀಸದ ಮೂಲೆ ನೋಡಿ ಇಟ್ಟು, ರಾತ್ರಿ ಒಮ್ಮೆ ಎದ್ದು ವಿಚಾರಿಸಿಕೊಳ್ಳಬೇಕು. ಊರಿಂದ ಬಂದ ಭಾವನಿಗೂ ನಾವು ಇಷ್ಟು ಉಪಚಾರ ಮಾಡಿಲ್ಲ.

ತಿಂಡಿ ಅಗ್ಗವಾಗಬೇಕೆಂದು ಸರ್ಕಾರಕ್ಕೂ ಒಮ್ಮೆ ಅನ್ನಿಸಿತ್ತು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಹೋಟೆಲಿನ ದರ ಇಷ್ಟೇ ಎಂದು ಗೆರೆ ಎಳೆದಾಗ, 1924ರಲ್ಲಿ ಹುಟ್ಟಿದ ನಮ್ಮ ಎಂ.ಟಿ.ಆರ್. ರುಚಿ ಕೆಡಿಸಲು ಒಪ್ಪದೆ ಕೈಯಿಂದ ಹಾಕಿ ಬಡಿಸಿತಂತೆ. ದಿನದಿನದ ನಷ್ಟ ಎಷ್ಟೆಂದು ಬಾಗಿಲ ಹೊರಗೆ ಬೋರ್ಡಿನಲ್ಲಿ ಬರೆದು ಹಾಕುತ್ತಿದ್ದರಂತೆ. ಕೊನೆಗೆ ಹೋಟೆಲಿನ ಬಾಗಿಲೆಳೆದು, ದಿಢೀರ್ ತಿಂಡಿಯ ಪೊಟ್ಟಣ ಮಾರಲು ನಿಂತರು. ‘ಮನೇಲೇ ಮಾಡ್ಕೊಳ್ಳಿ ಸ್ವಾಮಿ’ ಎಂದು ಹೋಟೆಲಿನವರೇ ಕೈಮುಗಿದ ಹಾಗಾಯಿತು.

ನನಗೆ ಹಿಡಿಸಿದ್ದು ಆ ನಷ್ಟದ ಬೋರ್ಡು. ಈ ಕತೆಯನ್ನು ಉತ್ಸಾಹದಿಂದ ಮನೆಯಲ್ಲಿ ಹೇಳಿದೆ. ಹೆಂಡತಿ ಆಗ ಗ್ರೈಂಡರಿನ ಕಲ್ಲು ತೊಳೆಯುತ್ತಿದ್ದಳು. (ರುಬ್ಬುವುದು ಯಂತ್ರ, ಯಂತ್ರವನ್ನು ತೊಳೆಯುವುದು ಮನುಷ್ಯರು. ಇದನ್ನು ಯಾವ ಜಾಹೀರಾತಿನಲ್ಲೂ ತೋರಿಸುವುದಿಲ್ಲ.) ತಲೆ ಎತ್ತದೆ ಅಂದಳು: “ಅಂಥದ್ದೊಂದು ಬೋರ್ಡು ಇಲ್ಲಿಗೂ ತಂದು ಹಾಕಿ. ಅಂದ ಹಾಗೆ ನಿಮ್ಮ ಲೆಕ್ಕದಲ್ಲಿ ಭಟ್ಟರ ಸಂಬಳದ ಕಾಲಮ್ಮು ಯಾವುದ್ರೀ?”

ಹೋಟೆಲಿನ ಬಿಲ್ಲಿನಲ್ಲಿ ಭಟ್ಟ, ಸಪ್ಲಯರ್, ಲೋಟ ತೊಳೆಯುವ ಹುಡುಗ, ಕಟ್ಟಡದ ಬಾಡಿಗೆ, ಮೇಲೆ 5 ಪರ್ಸೆಂಟ್ ಜಿಎಸ್‌ಟಿ ಎಲ್ಲ ಸೇರಿರುತ್ತವೆ. ನಮ್ಮ ಉಳಿತಾಯವೆಂದರೆ ಅಷ್ಟೂ ಜನರ ಸಂಬಳವನ್ನು ಒಬ್ಬಳಿಗೂ ಕೊಡದೆ ಇರುವುದು. ಬರೀ ಅಗ್ಗವೇ ಬೇಕಿದ್ದರೆ ಒಲೆ ಹಚ್ಚುವ ಅಗತ್ಯವೇ ಇಲ್ಲ. 2017ರಲ್ಲಿ ಇಂದಿರಾ ಕ್ಯಾಂಟೀನ್ ತೆರೆದಾಗ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ. ಯಾವ ಗೃಹಿಣಿಯ ಜಾಣತನವೂ ಅದರ ಮುಂದೆ ನಿಲ್ಲಲಾರದು.

ಈಗ ರಾಜಿಯಾಗಿದೆ. ಗ್ರೈಂಡರ್ ತೊಳೆಯುವ ಖಾತೆ ನನ್ನದು. ಹಿಟ್ಟು ಮುಗಿದ ಮಾರನೆಯ ದಿನ ದರ್ಶಿನಿಗೆ ಹೋಗುವುದು, ದೋಸೆ ತಲಾ ಒಂದು, ಕಾಫಿ ಬೈಟು. ಬೈಟುವಿನಲ್ಲಿ ಉಳಿದ ದುಡ್ಡು ಯಾರಿಗೆ ಸೇರಬೇಕೆಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.