ಯಕೃತ್ತು ಅಲ್ಲೇ ಇದೆ

(ಅಮೆರಿಕದ ಒಂದು ರಾಜ್ಯದ ವೈದ್ಯ ಪರವಾನಗಿ ಕಚೇರಿ. ಕಿಟಕಿಯಾಚೆ ಗುಮಾಸ್ತ, ಈಚೆ ಹೊರದೇಶದಲ್ಲಿ ಓದಿ ಬಂದ ಡಾಕ್ಟರು.)

ಗುಮಾಸ್ತ: ಯುಎಸ್‌ಎಂಎಲ್‌ಇ ಪರವಾನಗಿ ಪರೀಕ್ಷೆಯ ಮೂರು ಸ್ಟೆಪ್ಪೂ ಪಾಸು, ಸಂತೋಷ. ಆದರೆ ಮೊದಲನೆಯದರಿಂದ ಕೊನೆಯದಕ್ಕೆ 8 ವರ್ಷ. ನಮ್ಮ ಮಿತಿ 7.

ಡಾಕ್ಟರು: ವೀಸಾ, ಬಾಣಂತನ, ರೆಸಿಡೆನ್ಸಿ ಸೀಟು ಅಂತ ತಡವಾಯ್ತು.

ಗುಮಾಸ್ತ: ಅಷ್ಟರಲ್ಲಿ ನಿಮ್ಮ ಸ್ಟೆಪ್ ಒಂದು ಹಳಸಿತು.

ಡಾಕ್ಟರು: 8 ವರ್ಷದಲ್ಲಿ ಯಕೃತ್ತೇನು ಎಡಕ್ಕೆ ಸರಿಯಿತೇ?

ಗುಮಾಸ್ತ: ಯಕೃತ್ತು ಅಲ್ಲೇ ಇದೆ. ಸರಿದದ್ದು ನಿಮ್ಮ ತಾರೀಖು.

ಡಾಕ್ಟರು: ಬೇರೆ ರಾಜ್ಯಗಳಲ್ಲಿ 10 ವರ್ಷವೂ ಉಂಟಂತೆ?

ಗುಮಾಸ್ತ: ಗಡಿ ದಾಟಿದರೆ ಜ್ಞಾಪಕಶಕ್ತಿ ಹೆಚ್ಚುತ್ತದೆ. ಅಲ್ಲಿನ ಹವೆ ಹಾಗಿದೆ.

ಡಾಕ್ಟರು: ಸರಿ, ಮತ್ತೆ ಬರೆಯುತ್ತೇನೆ.

ಗುಮಾಸ್ತ: ಪಾಸಾದದ್ದನ್ನು ಮತ್ತೆ ಬರೆಯುವಂತಿಲ್ಲ!

ಡಾಕ್ಟರು: ಹಳಸಿದೆ ಅಂದಿರಲ್ಲ?

ಗುಮಾಸ್ತ: ಹಳಸಿದ್ದಕ್ಕೆ ಮಾತ್ರ ವಿನಾಯಿತಿ. ಅಂದಹಾಗೆ, 2022ರಿಂದ ಸ್ಟೆಪ್ ಒಂದಕ್ಕೆ ಅಂಕವಿಲ್ಲ. ಪಾಸು, ಫೇಲು ಅಷ್ಟೇ.

ಡಾಕ್ಟರು: ಇಲ್ಲದ ಅಂಕಕ್ಕೂ ಅವಧಿ! ಇರಲಿ, ಇಲ್ಲಿನ ಹಿರಿಯ ಡಾಕ್ಟರು ಸ್ಟೆಪ್ ಒಂದು ಬರೆದು ಎಷ್ಟು ಕಾಲವಾಯ್ತು?

ಗುಮಾಸ್ತ: ಮೂವತ್ತು ವರ್ಷವಾದರೂ ಆಗಿರಬಹುದು. ಅವರ ಮಾತು ಬೇರೆ.

ಡಾಕ್ಟರು: ಅವರು ಓದಿದ್ದು ಹಳಸುವುದಿಲ್ಲವೇ?

ಗುಮಾಸ್ತ: ಪರವಾನಗಿ ಸಿಗುವ ತನಕ ಮರೆಯಬಾರದು. ಸಿಕ್ಕ ಮೇಲೆ ಮರೆತರೆ ಅದಕ್ಕೆ ಅನುಭವ ಅಂತಾರೆ.